ಅವಧಾನಿಯ ತಲೆಯೊಳಗೆ

ಅಷ್ಟಾವಧಾನದ ವೇದಿಕೆಯಲ್ಲಿ ಅವಧಾನಿಯ ಮುಂದೆ ಕಾಗದವೂ ಇರುವುದಿಲ್ಲ, ಪೆನ್ನೂ ಇರುವುದಿಲ್ಲ. ಅವೆರಡೂ ಇರುವುದು ಸುತ್ತ ಕೂತ ಎಂಟು ಮಂದಿ ಪೃಚ್ಛಕರ ಬಳಿ. ಒಬ್ಬೊಬ್ಬರದು ಒಂದೊಂದು ಬಗೆಯ ಕಾಟ. ಒಬ್ಬರು ಅಕ್ಷರಕ್ಕೆ ತಡೆ ಹಾಕುತ್ತಾರೆ. ಒಬ್ಬರು ಅಸಂಬದ್ಧವಾಗಿ ಕಾಣುವ ಸಾಲೊಂದನ್ನು ಕೊಟ್ಟು, ಅದು ಕೊನೆಯ ಸಾಲಾಗುವಂತೆ ಪದ್ಯ ಕಟ್ಟಿ ಎನ್ನುತ್ತಾರೆ. ಇನ್ನೊಬ್ಬರು ಒಂದಕ್ಕೊಂದು ನಂಟಿಲ್ಲದ ನಾಲ್ಕು ಪದ ಕೊಟ್ಟು ಒಂದೇ ಪದ್ಯದಲ್ಲಿ ಕೂರಿಸಿ ಎನ್ನುತ್ತಾರೆ. ವರ್ಣನೆ ಕೇಳುವವರು ಒಬ್ಬರು, ಕೇಳಿದ ಗಳಿಗೆಯಲ್ಲೇ ಪದ್ಯ ಬೇಕೆನ್ನುವವರು ಒಬ್ಬರು, ಕಾವ್ಯದಿಂದ ಪದ್ಯ ಹಾಡಿ ಯಾರದು, ಯಾವ ಸಂದರ್ಭ ಎಂದು ಪರೀಕ್ಷಿಸುವವರು ಒಬ್ಬರು, ನಡುನಡುವೆ ಅಂಕಿ ಕೇಳುವವರು ಒಬ್ಬರು. ಇವರೆಲ್ಲರ ಮಧ್ಯೆ ಬಾಯಿ ಹಾಕಿ ಅವಧಾನಿಯನ್ನು ಹರಟೆಗೆಳೆಯುವುದೇ ಕೆಲಸವಾದ ಅಪ್ರಸ್ತುತ ಪ್ರಸಂಗಿ ಬೇರೆ. ಮೂರು ಗಂಟೆಯ ಆಸುಪಾಸು ಇಷ್ಟನ್ನೂ ಒಬ್ಬರೇ ನಿಭಾಯಿಸಬೇಕು.

ಒಂದು ಪದ್ಯ ಮುಗಿಸಿ ಇನ್ನೊಂದಕ್ಕೆ ಹೋಗುವಂತಿದ್ದರೆ ಇದು ಬರೀ ಆಶುಕವಿತೆಯ ಗೋಷ್ಠಿಯಾಗುತ್ತಿತ್ತು. ಇಲ್ಲಿ ಹಾಗಿಲ್ಲ. ಇರುವುದು ನಾಲ್ಕು ಸುತ್ತು. ನಿಷೇಧಾಕ್ಷರಿಯವರಿಗೆ ಮೊದಲ ಸಾಲು ಹೇಳಿ, ಅದನ್ನು ಅಲ್ಲೇ ಬಿಟ್ಟು, ಸಮಸ್ಯೆಯವರ ಕಡೆ ತಿರುಗಬೇಕು. ಅಲ್ಲೊಂದು ಸಾಲು, ದತ್ತಪದಿಗೊಂದು ಸಾಲು, ವರ್ಣನೆಗೊಂದು ಸಾಲು. ಎಲ್ಲರನ್ನೂ ಸುತ್ತಿ ಮರಳಿ ಮೊದಲನೆಯವರ ಬಳಿ ಬರುವಷ್ಟರಲ್ಲಿ ಅರ್ಧ ಗಂಟೆಯೇ ಕಳೆದಿರಬಹುದು. ಆಗ ಎಲ್ಲಿಗೆ ನಿಲ್ಲಿಸಿದ್ದೆ ಎಂದು ಕೇಳುವಂತಿಲ್ಲ. ಬಿಟ್ಟ ಸಾಲಿನ ಛಂದಸ್ಸು, ಪ್ರಾಸ, ಅರ್ಧಕ್ಕೆ ನಿಂತ ವಾಕ್ಯ, ಮುಂದೆ ಹೇಳಬೇಕೆಂದುಕೊಂಡ ಭಾವ ಎಲ್ಲವೂ ತಲೆಯಲ್ಲೇ ಕಾದಿರಬೇಕು. ಕೊನೆಗೆ ಬರುವುದು ಧಾರಣೆ. ಬಿಡಿ ಬಿಡಿಯಾಗಿ ಕಟ್ಟಿದ ಪದ್ಯಗಳನ್ನು ಒಂದೊಂದಾಗಿ, ಇಡಿಯಾಗಿ, ಅಕ್ಷರ ತಪ್ಪದೆ ಸಭೆಗೆ ಒಪ್ಪಿಸುವುದು.

ಈ ಎಂಟರಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ನಿಷೇಧಾಕ್ಷರಿ. ಹತ್ತಿರದಿಂದ ನೋಡದೆ ಇದರ ಕಷ್ಟ ತಿಳಿಯುವುದಿಲ್ಲ. ಆದ್ದರಿಂದ ಇಲ್ಲೊಂದು ಸಣ್ಣ ಮಾದರಿ ಕೊಡುತ್ತೇನೆ. ಇದು ಯಾವ ಸಭೆಯದ್ದೂ ಅಲ್ಲ, ವಿವರಿಸಲೆಂದೇ ನಾನು ಪೆನ್ಸಿಲು ಹಿಡಿದು ನಿಧಾನವಾಗಿ ಕಟ್ಟಿಕೊಂಡದ್ದು.

ಪೃಚ್ಛಕರು ಮಳೆಯ ಮೇಲೆ ಕಂದಪದ್ಯ ಕೇಳಿದ್ದಾರೆ ಎನ್ನಿ. ಅವಧಾನಿ ಮೊದಲ ಅಕ್ಷರ ಹೇಳುತ್ತಾರೆ: ಕಾ. ಮಳೆ ಎಂದಮೇಲೆ ಕಾರ್ಮುಗಿಲು, ಕಾರ್ಗಾಲ ಏನೋ ಬರಲಿದೆ ಎಂದು ಊಹಿಸಿದ ಪೃಚ್ಛಕರು ‘ರ ಬೇಡ’ ಎನ್ನುತ್ತಾರೆ. ಅವಧಾನಿ ದಿ ಎನ್ನುತ್ತಾರೆ. ಕಾದಿರೆ ಎಂದಾಗಬಹುದು, ಮತ್ತೆ ‘ರ ಬೇಡ’. ಳೆ. ಈಗ ಕಾದಿಳೆ, ಅಂದರೆ ಬಿಸಿಲಿಗೆ ಕಾದ ನೆಲ. ಕಾದಿಳೆಗೆ ಎಂದೇ ಹೇಳುತ್ತಾರೆಂದು ‘ಗ ಬೇಡ’. ಸರಿ, ಯಂ. ಕಾದಿಳೆಯಂ. ಮುಂದೆ ತಣಿಸುವ ಮಾತಲ್ಲದೆ ಇನ್ನೇನು? ‘ತ ಬೇಡ.’ ಸಂ. ಸಂಧಿಸಲ್ ಎಂದಿರಬಹುದೆಂದು ‘ಧ ಬೇಡ.’ ಇಲ್ಲಿ ಪೃಚ್ಛಕರ ಲೆಕ್ಕ ತಪ್ಪಿತು. ತೈ. ಈಗ ಗುಟ್ಟು ಬಯಲಾಗಿದೆ, ಸಂತೈಸಲ್ ಎನ್ನದೆ ವಿಧಿಯಿಲ್ಲ. ‘ಸ ಬೇಡ’ ಎಂದು ಅವರು ಬಾಗಿಲು ಹಾಕುತ್ತಾರೆ. ಅವಧಾನಿ ಪೀ ಎಂದು ಸಾಲು ಮುಗಿಸುತ್ತಾರೆ.

ಕಾದಿಳೆಯಂ ಸಂತೈಪೀ. ಸಂತೈಪ, ಈ. ಕಾದ ನೆಲವನ್ನು ಸಂತೈಸುವ ಈ… ಏನು ಎಂಬುದು ಮುಂದಿನ ಸಾಲಿಗೆ. ಸಂತೈಸುವ ಎಂಬುದಕ್ಕೆ ಸಂತೈಪ ಎಂಬ ಹಳಗನ್ನಡದ ರೂಪವಿದೆ ಎಂಬುದು ಆ ಗಳಿಗೆಯಲ್ಲಿ ನಾಲಿಗೆಯ ತುದಿಯಲ್ಲಿರಬೇಕು. ಅಷ್ಟೇ ಸಾಲದು. ಕಂದದ ಮೊದಲ ಸಾಲಿಗೆ ನಾಲ್ಕು ಮಾತ್ರೆಯ ಮೂರು ಗಣ, ಒಟ್ಟು ಹನ್ನೆರಡು ಮಾತ್ರೆ. ಎಣಿಸಿ ನೋಡಿ: ಕಾದಿಳೆ, ಯಂಸಂ, ತೈಪೀ. ಮೂರೂ ನಾಲ್ಕು ನಾಲ್ಕು. ಅಕ್ಷರ ಬದಲಾಯಿಸುತ್ತ ಹೋದರೂ ಮಾತ್ರೆ ಬದಲಾಗುವಂತಿಲ್ಲ, ಬೆಸಗಣದಲ್ಲಿ ಜಗಣ ನುಸುಳುವಂತಿಲ್ಲ. ಇನ್ನೂ ಒಂದು ಕಟ್ಟು ಬಿತ್ತು. ಕಂದಕ್ಕೆ ಆದಿಪ್ರಾಸ ಬೇಕು. ಎರಡನೆಯ ಅಕ್ಷರ ದಿ ಆದದ್ದರಿಂದ ಉಳಿದ ಮೂರು ಸಾಲಿನ ಎರಡನೆಯ ಅಕ್ಷರವೂ ದಕಾರವೇ ಆಗಬೇಕು, ಅದರ ಹಿಂದಿನ ಅಕ್ಷರ ಗುರುವಾಗಬೇಕು. ಮೋದ, ನಾದ, ಬೀದಿ, ಮೇದಿನಿ. ಇಂಥವನ್ನು ಅವಧಾನಿ ಈಗಲೇ ಎತ್ತಿಟ್ಟುಕೊಳ್ಳಬೇಕು. ಹಾಗೆ ಎತ್ತಿಟ್ಟುಕೊಳ್ಳುತ್ತಿರುವಾಗಲೇ ಅಪ್ರಸ್ತುತ ಪ್ರಸಂಗಿ ‘ಸ್ವಾಮಿ, ಈ ಮಳೆಗೆ ಬೆಂಗಳೂರಿನ ರಸ್ತೆಗಳೂ ಸೇರಿವೆಯೋ?’ ಎಂದು ಕೇಳುತ್ತಾನೆ, ಸಭೆ ನಗುತ್ತದೆ, ಅವಧಾನಿಯೂ ನಕ್ಕು ಅದಕ್ಕಿಂತ ಚುರುಕಾದ ಉತ್ತರ ಕೊಡಬೇಕು.

ಸಮಸ್ಯಾಪೂರಣದ ಗತ್ತು ಬೇರೆ. ‘ನರನೊರ್ವಂ ಬಾಲದಿಂದೆ ಲಂಕೆಯನುರಿಪಂ’ ಎಂದು ಕೊಟ್ಟರೆನ್ನಿ. ಮನುಷ್ಯನೊಬ್ಬ ಬಾಲದಿಂದ ಲಂಕೆ ಸುಡುವುದೆಂದರೇನು? ಮನುಷ್ಯನಿಗೆ ಬಾಲವೆಲ್ಲಿ? ಬಿಡಿಸುವ ಉಪಾಯ ಇಷ್ಟೇ: ಮೂರನೆಯ ಸಾಲನ್ನು ‘ವಾ’ ಎಂಬ ಅಕ್ಷರಕ್ಕೆ ತಂದು ನಿಲ್ಲಿಸಿದರೆ ನರ ವಾನರನಾಗುತ್ತಾನೆ. ಪದವನ್ನು ಸಾಲಿನ ಕೊನೆಯಲ್ಲಿ ಮುರಿದು ಮುಂದಿನ ಸಾಲಿಗೆ ದಾಟಿಸುವುದು ಕನ್ನಡದ ಛಂದಸ್ಸಿಗೆ ಒಪ್ಪಿತವಾದದ್ದೇ. ಇದು ಎಳೆಯರಿಗೆ ಕೊಡುವ ಮಟ್ಟದ ಸಮಸ್ಯೆ. ನುರಿತ ಪೃಚ್ಛಕರು ಕೊಡುವ ಸಾಲುಗಳಲ್ಲಿ ಇಂಥ ಕಿಂಡಿ ಸುಲಭವಾಗಿ ಕಾಣುವುದಿಲ್ಲ. ಪುರಾಣದ ಕಥೆಯೊಂದನ್ನೋ ಅಲಂಕಾರವೊಂದನ್ನೋ ತಂದು ಅನರ್ಥವನ್ನು ಅರ್ಥ ಮಾಡಬೇಕಾಗುತ್ತದೆ.

ದತ್ತಪದಿಯಲ್ಲಿ ಪದಗಳನ್ನು ಅಡಗಿಸುವ ಚಮತ್ಕಾರ. ದೋಸೆ, ವಡೆ, ಪೂರಿ, ಪಾಯಸ ಎಂಬ ನಾಲ್ಕನ್ನು ಇಟ್ಟು ಕರ್ಣಾರ್ಜುನರ ಕಾಳಗ ವರ್ಣಿಸಿ ಎಂದರೆ, ಯುದ್ಧಭೂಮಿಯಲ್ಲಿ ಹೋಟೆಲು ತೆರೆಯಬೇಕಾಗಿಲ್ಲ. ‘ಎಂದೋ ಸೆಣಸಿದ’ ಎಂಬಲ್ಲಿ ದೋಸೆ ಇದೆ. ‘ಜಯಮಂ ಪಡೆವಡೆ’ ಎಂಬಲ್ಲಿ ವಡೆ. ‘ರೋಷಪೂರಿತ’ದಲ್ಲಿ ಪೂರಿ. ‘ಉಪಾಯ ಸಲ್ಲದು’ ಎಂದರೆ ಪಾಯಸವೂ ಬಡಿಸಿದಂತಾಯಿತು. ಓದುವಾಗ ಸುಲಭ. ಛಂದಸ್ಸಿನೊಳಗೆ, ಪ್ರಾಸ ಕೆಡದಂತೆ, ಕಾಳಗದ ಬಿಸಿ ಆರದಂತೆ ಕೂರಿಸಿ ನೋಡಿ.

ಸಂಖ್ಯಾಬಂಧಕ್ಕೆ ಹೆಚ್ಚು ಹೊತ್ತು ಬೇಡ. ಐದೈದು ಮನೆಗಳ ಚೌಕ. ಯಾವ ಸಾಲು ಕೂಡಿದರೂ, ಯಾವ ಕಂಬ ಕೂಡಿದರೂ ಪೃಚ್ಛಕರು ಹೇಳಿದ ಮೊತ್ತವೇ ಬರಬೇಕು. 1ರಿಂದ 25ರವರೆಗಿನ ಅಂಕಿಗಳ ಮೂಲ ಚೌಕದಲ್ಲಿ ಮೊತ್ತ 65. ಕೇಳಿದ್ದು 165 ಆದರೆ ಪ್ರತಿ ಮನೆಗೂ 20 ಸೇರಿಸಿದರಾಯಿತು. ಗಣಿತ ದೊಡ್ಡದೇನಲ್ಲ. ಕಷ್ಟವಿರುವುದು ಹೊತ್ತಿನಲ್ಲಿ. ದತ್ತಪದಿಯ ಮೂರನೆಯ ಸಾಲು ಬಾಯಲ್ಲಿರುವಾಗ ‘ಎರಡನೆಯ ಸಾಲು, ನಾಲ್ಕನೆಯ ಮನೆ’ ಎಂದು ಕೂಗು ಬರುತ್ತದೆ. ಅಂಕಿ ಹೇಳಿ, ಬಿಟ್ಟ ಪದಕ್ಕೇ ಮರಳಬೇಕು.

ಇದನ್ನೆಲ್ಲ ನೋಡಿದವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: ಇವರ ಮೆದುಳಿನ ಎರಡೂ ಭಾಗ ಒಟ್ಟಿಗೆ ಕೆಲಸ ಮಾಡುತ್ತಿರಬೇಕು, ನಮ್ಮದು ಒಂದೇ. ಎಡ ಮೆದುಳು ಲೆಕ್ಕಕ್ಕೆ, ಬಲ ಮೆದುಳು ಕಲೆಗೆ ಎಂಬುದು ಈಗ ಎಲ್ಲರ ಬಾಯಲ್ಲೂ ಇದೆ. ಮಕ್ಕಳ ಬಲ ಮೆದುಳನ್ನು ಎಬ್ಬಿಸಿಕೊಡುತ್ತೇವೆಂದು ಫೀಸು ಕಟ್ಟಿಸಿಕೊಳ್ಳುವ ತರಗತಿಗಳೂ ಹುಟ್ಟಿಕೊಂಡಿವೆ. ಈ ನಂಬಿಕೆ ಎಲ್ಲಿಂದ ಬಂತೆಂದು ತಿಳಿದರೆ ಅವಧಾನಿಯ ಕಸುಬು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, ಮಾತು ಕಳೆದುಕೊಂಡಿದ್ದ ರೋಗಿಯೊಬ್ಬ ಸತ್ತಮೇಲೆ ಅವನ ಮೆದುಳು ಪರೀಕ್ಷಿಸಿ ಎಡಭಾಗದ ಮುಂದಿನ ಒಂದು ಜಾಗ ಹಾಳಾಗಿದ್ದನ್ನು ಕಂಡರು. ನುಡಿಯ ಮುಖ್ಯ ನೆಲೆ ಬಹುಪಾಲು ಜನರಲ್ಲಿ ಎಡಗಡೆಯೇ ಎಂಬುದು ಅಲ್ಲಿಂದ ಮುಂದೆ ಗಟ್ಟಿಯಾಯಿತು. ನೂರು ವರ್ಷದ ಮೇಲೆ ಅಮೆರಿಕದಲ್ಲಿ ರೋಜರ್ ಸ್ಪೆರ್ರಿ ಮತ್ತು ಅವರ ಶಿಷ್ಯ ಮೈಕೇಲ್ ಗಜ್ಜಾನಿಗ ಇನ್ನೂ ವಿಚಿತ್ರವಾದದ್ದನ್ನು ತೋರಿಸಿದರು. ಮೆದುಳಿನ ಎರಡು ಅರೆಗೋಳಗಳನ್ನು ಬೆಸೆಯುವ ನರತಂತುಗಳ ದಪ್ಪ ಪಟ್ಟಿಯೊಂದಿದೆ. ಅದರಲ್ಲಿ ಸುಮಾರು 20 ಕೋಟಿ ಎಳೆಗಳು. ಹತೋಟಿಗೆ ಬಾರದ ಅಪಸ್ಮಾರದ ಚಿಕಿತ್ಸೆಗಾಗಿ ಕೆಲವರಲ್ಲಿ ಅದನ್ನು ಕತ್ತರಿಸಲಾಗಿತ್ತು. ಇಂಥ ರೋಗಿಯ ನೋಟದ ಎಡಬದಿಗೆ ಒಂದು ವಸ್ತುವಿನ ಹೆಸರನ್ನು ಕ್ಷಣಕಾಲ ತೋರಿಸಿದರೆ, ಆ ಸುದ್ದಿ ಬಲ ಅರೆಗೋಳಕ್ಕಷ್ಟೇ ತಲುಪುತ್ತದೆ. ಏನು ಕಂಡಿತು ಎಂದರೆ ‘ಏನೂ ಇಲ್ಲ’ ಎನ್ನುತ್ತಾರೆ. ಆದರೆ ಅವರ ಎಡಗೈ ಮರೆಯಲ್ಲಿಟ್ಟ ಸಾಮಾನುಗಳಲ್ಲಿ ತಡಕಾಡಿ ಸರಿಯಾದ ವಸ್ತುವನ್ನೇ ಎತ್ತುತ್ತದೆ. ಬಲಭಾಗಕ್ಕೆ ಗೊತ್ತು, ಹೇಳಲು ಬಾಯಿಲ್ಲ. ಸ್ಪೆರ್ರಿಗೆ 1981ರಲ್ಲಿ ನೊಬೆಲ್ ಬಂತು.

ಆ ಪ್ರಯೋಗಗಳಲ್ಲಿ ದೋಷವಿಲ್ಲ. ಅವುಗಳಿಂದ ಜನ ಎಳೆದ ತೀರ್ಮಾನದಲ್ಲಿದೆ. ಪಟ್ಟಿ ಕತ್ತರಿಸಿದವರಲ್ಲಿ ಕಂಡದ್ದನ್ನು ಪಟ್ಟಿ ಗಟ್ಟಿಯಾಗಿರುವ ನಮ್ಮೆಲ್ಲರಿಗೂ ಅನ್ವಯಿಸಿ, ‘ಎಡ ಮೆದುಳಿನವರು’, ‘ಬಲ ಮೆದುಳಿನವರು’ ಎಂದು ಎರಡು ಜಾತಿ ಮಾಡಿಬಿಟ್ಟರು. 2013ರಲ್ಲಿ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 7ರಿಂದ 29 ವರ್ಷದ 1,011 ಜನರ ಮೆದುಳಿನ ಸ್ಕ್ಯಾನುಗಳನ್ನು ಪರಿಶೀಲಿಸಿದರು. ಕೆಲವು ಕೆಲಸಗಳು ಒಂದು ಕಡೆಗೆ ವಾಲುವುದು ನಿಜ. ಆದರೆ ಇಡೀ ಮನುಷ್ಯ ಒಂದು ಕಡೆಗೆ ವಾಲಿದ್ದಕ್ಕೆ ಅವರಿಗೆ ಕುರುಹು ಸಿಗಲಿಲ್ಲ.

ಈಗ ‘ಕಾದಿಳೆಯಂ ಸಂತೈಪೀ’ ಎಂಬ ಏಳಕ್ಷರವನ್ನು ಹಿಡಿದು, ಇದು ಎಡದ್ದೋ ಬಲದ್ದೋ ಹೇಳಿ. ವಿಭಕ್ತಿ, ಸಂಧಿ, ಕೃದಂತ ಎಲ್ಲ ವ್ಯಾಕರಣ. ಎಡಭಾಗದ ಕೆಲಸ ಎನ್ನೋಣ. ನಾಲ್ಕು ಮಾತ್ರೆಯ ನಡೆ, ಹಾಡಿಕೊಳ್ಳುವ ಧಾಟಿ? ರಾಗದಲ್ಲಿ ಬಲಭಾಗದ ಪಾಲು ದೊಡ್ಡದು. ಪಾರ್ಶ್ವವಾಯುವಿನಿಂದ ಎಡಭಾಗಕ್ಕೆ ಪೆಟ್ಟಾಗಿ ಮಾತು ನಿಂತವರಲ್ಲಿ ಕೆಲವರು ಗೊತ್ತಿದ್ದ ಹಾಡನ್ನು ಪದಸಹಿತ ಹಾಡಬಲ್ಲರು. 1970ರ ದಶಕದಲ್ಲಿ ಬಾಸ್ಟನ್ನಿನ ವೈದ್ಯರು ಇದನ್ನೇ ಆಧರಿಸಿ, ರಾಗವಾಗಿ ನುಡಿಸುತ್ತ ಮಾತು ಮರಳಿಸುವ ಚಿಕಿತ್ಸೆಯನ್ನೇ ರೂಪಿಸಿದರು. ಕಾದ ನೆಲವನ್ನು ಅಳುವ ಮಗುವಿನಂತೆ ಕಂಡು ‘ಸಂತೈಸುವ’ ಎಂದದ್ದು ರೂಪಕ; ರೂಪಕ, ಹಾಸ್ಯ, ಮಾತಿನ ಹಿಂದಿನ ಇಂಗಿತ ಇವುಗಳ ಗ್ರಹಿಕೆಯಲ್ಲಿ ಬಲಭಾಗಕ್ಕೆ ಪೆಟ್ಟಾದವರು ಎಡವುತ್ತಾರೆ. ಅಂದಮೇಲೆ ಪದ್ಯದ ಒಂದು ಸಾಲೇ ಎರಡೂ ಕಡೆಯ ಕೂಡುಕೆಲಸ. ಅವಧಾನಿಗಷ್ಟೇ ಅಲ್ಲ, ಬೀಸುವ ಪದ ಹಾಡುತ್ತಿದ್ದ ಅಜ್ಜಿಗೂ ಹಾಗೆಯೇ.

ಹಾಗಾದರೆ ಅವಧಾನಿಯಲ್ಲಿ ವಿಶೇಷವೇನು? ನನ್ನ ಮಟ್ಟಿಗೆ ಅದು ಬಿಡುವ ಮತ್ತು ಮರಳುವ ಶಿಸ್ತು. ಗಮನ ಬೇಡುವ ಎರಡು ಕೆಲಸಗಳನ್ನು ಮೆದುಳು ನಿಜವಾಗಿ ಏಕಕಾಲಕ್ಕೆ ಮಾಡುವುದಿಲ್ಲ; ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ, ಪ್ರತಿ ಹಾರಿಕೆಯಲ್ಲೂ ಸ್ವಲ್ಪ ಚೆಲ್ಲುತ್ತದೆ. ನಾವು ಮೊಬೈಲು ನೋಡುತ್ತ ಊಟ ಮಾಡಿ ಏನು ತಿಂದೆವೆಂದು ಮರೆಯುವುದು ಹೀಗೆ. ಅವಧಾನಿಯೂ ಹಾರುತ್ತಾರೆ, ಆದರೆ ಚೆಲ್ಲುವುದಿಲ್ಲ. ಸಮಸ್ಯೆಯ ಮುಂದೆ ಇರುವಾಗ ಸಮಸ್ಯೆಯೊಂದೇ. ನಿಷೇಧಾಕ್ಷರಿಯ ಚಿಂತೆ ಇಲ್ಲಿಗೆ ನುಗ್ಗುವುದಿಲ್ಲ, ಅಳಿಸಿಯೂ ಹೋಗುವುದಿಲ್ಲ.

ಅಷ್ಟನ್ನು ಇಟ್ಟುಕೊಳ್ಳಲು ಜಾಗ ಎಲ್ಲಿದೆ? ಮನಸ್ಸು ತತ್‌ಕ್ಷಣಕ್ಕೆ ಹಿಡಿದಿಡಬಲ್ಲ ತುಣುಕುಗಳು ಏಳು, ಹೆಚ್ಚೆಂದರೆ ಎರಡು ಆಚೀಚೆ ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಇದನ್ನು ಮೀರುವ ದಾರಿಯನ್ನು ಆಂಡರ್ಸ್ ಎರಿಕ್‌ಸನ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಸಾಧಾರಣ ನೆನಪಿನ ಒಬ್ಬ ವಿದ್ಯಾರ್ಥಿ ಸುಮಾರು 230 ಗಂಟೆಗಳ ಅಭ್ಯಾಸದ ನಂತರ 79 ಅಂಕಿಗಳನ್ನು ಒಮ್ಮೆ ಕೇಳಿ ಒಪ್ಪಿಸಿದ. ಅವನೊಬ್ಬ ಓಟಗಾರ, ಬಂದ ಅಂಕಿಗಳನ್ನು ಓಟದ ಪಂದ್ಯಗಳ ಸಮಯವೆಂದು ಗಂಟು ಕಟ್ಟಿಕೊಳ್ಳುತ್ತಿದ್ದ. ಅಂಕಿ ಬಿಟ್ಟು ಅಕ್ಷರ ಕೊಟ್ಟಾಗ ಆರಕ್ಕೇ ಇಳಿದ! ಅವನ ಮೆದುಳು ದೊಡ್ಡದಾಗಿರಲಿಲ್ಲ, ಗಂಟು ಕಟ್ಟುವ ಹಗ್ಗ ಸಿಕ್ಕಿತ್ತು. ಅವಧಾನಿಯ ಹಗ್ಗ ಛಂದಸ್ಸು. ಎರಡನೆಯ ಅಕ್ಷರ ದ ಎಂಬುದು ಗೊತ್ತಿದ್ದರೆ ಸಾಲಿನ ಆರಂಭ ಸಿಕ್ಕಿತು. ಆರನೆಯ ಗಣ ಜಗಣವೋ ಸರ್ವಲಘುವೋ ಆಗಲೇಬೇಕೆಂದಾದಾಗ ನಡುಭಾಗ ಸಿಕ್ಕಿತು. ನಮಗೆ ಬೇಡಿಯಂತೆ ಕಾಣುವ ನಿಯಮಗಳೇ ಅವರಿಗೆ ನೆನಪಿನ ಗೂಟಗಳು. ನಿಯಮವಿಲ್ಲದ ನವ್ಯ ಕವಿತೆಯಲ್ಲಿ ಅವಧಾನ ಮಾಡಿ ಎಂದರೆ ಧಾರಣೆ ಇಷ್ಟು ಸಲೀಸಾಗಲಾರದು.

ಇದಕ್ಕೆ ಹತ್ತಿರದ ಒಂದು ಅಧ್ಯಯನವೂ ನಡೆದಿದೆ. ಜೇಮ್ಸ್ ಹಾರ್ಟ್‌ಜೆಲ್ ಮತ್ತು ಸಂಗಡಿಗರು ಹರಿಯಾಣದ ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದಲ್ಲಿ ಯಜುರ್ವೇದ ಕಂಠಸ್ಥ ಮಾಡಿದ 21 ಪಂಡಿತರ ಮೆದುಳನ್ನು ಅಷ್ಟೇ ಸಂಖ್ಯೆಯ ಇತರರದರೊಂದಿಗೆ ಹೋಲಿಸಿದರು. 2016ರಲ್ಲಿ ಪ್ರಕಟವಾದ ವರದಿಯಂತೆ ಪಂಡಿತರಲ್ಲಿ ನುಡಿ, ನೆನಪು, ನೋಟಕ್ಕೆ ಸಂಬಂಧಿಸಿದ ಹಲವು ಜಾಗಗಳಲ್ಲಿ ಬೂದುದ್ರವ್ಯ ಹೆಚ್ಚಿತ್ತು, ಅದೂ ಎರಡೂ ಅರೆಗೋಳಗಳಲ್ಲಿ. ಅವರು ಅವಧಾನಿಗಳಲ್ಲ, ಅಭ್ಯಾಸದಿಂದಲೇ ಹೀಗಾಯಿತೆಂದು ಈ ಹೋಲಿಕೆಯೊಂದರಿಂದ ಹೇಳಲಾಗುವುದೂ ಇಲ್ಲ. ಆದರೂ ಬರೀ ಬಾಯಿಪಾಠವೆಂದು ಮೂಗು ಮುರಿಯುವವರು ಒಮ್ಮೆ ಓದಬೇಕಾದ ವರದಿ.

ಅವಧಾನದ ದೊಡ್ಡ ಬೆಳೆ ಬಂದದ್ದು ತೆಲುಗಿನಲ್ಲಿ. ದಿವಾಕರ್ಲ ತಿರುಪತಿ ಶಾಸ್ತ್ರಿ, ಚೆಳ್ಳಪಿಳ್ಳ ವೆಂಕಟ ಶಾಸ್ತ್ರಿ ಎಂಬಿಬ್ಬರು ತಿರುಪತಿ ವೆಂಕಟ ಕವುಲು ಎಂಬ ಒಂದೇ ಹೆಸರಿನಲ್ಲಿ ಆಂಧ್ರವನ್ನೆಲ್ಲ ಸುತ್ತಿ ಶತಾವಧಾನಗಳನ್ನು ಮಾಡಿದರು. ಎರಡು ತಲೆಗಳೇ ಒಂದು ಮನಸ್ಸಿನಂತೆ ಪದ್ಯ ಕಟ್ಟಿದ ಉದಾಹರಣೆ ಅದು! ಗುಜರಾತಿನ ಜೈನ ಸಾಧಕ ರಾಯಚಂದಭಾಯಿಯವರದು ಪದ್ಯಕ್ಕಿಂತ ನೆನಪಿನ ಶತಾವಧಾನ. 1891ರಲ್ಲಿ ಇಂಗ್ಲೆಂಡಿನಿಂದ ಮರಳಿದ ಗಾಂಧೀಜಿ ತಮಗೆ ಗೊತ್ತಿದ್ದ ಯುರೋಪಿನ ಭಾಷೆಗಳ ಪದಗಳನ್ನೆಲ್ಲ ಸುರಿದು ಪರೀಕ್ಷಿಸಿದಾಗ ಅವರು ಅದೇ ಕ್ರಮದಲ್ಲಿ ಮರಳಿ ಹೇಳಿದರೆಂಬುದು ಗಾಂಧಿಯವರ ಆತ್ಮಕಥೆಯಲ್ಲೇ ಇದೆ. ಕನ್ನಡದಲ್ಲಿ, ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಅವಧಾನ ಮಾಡಿದ್ದರು. ಅವರ ನಂತರ ಈ ಕಲೆ ಇಲ್ಲಿ ಬಹುಕಾಲ ಸುಮ್ಮನಿತ್ತು.

ಅದನ್ನು ಮತ್ತೆ ಎಬ್ಬಿಸಿದವರು ಆರ್. ಗಣೇಶ್. 1962ರಲ್ಲಿ ಕೋಲಾರದಲ್ಲಿ ಹುಟ್ಟಿದ ಅವರು ಓದಿದ್ದು ಎಂಜಿನಿಯರಿಂಗ್. 1981ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಅವಧಾನ ಆರಂಭಿಸಿದವರು ಸಾವಿರಕ್ಕೂ ಹೆಚ್ಚು ನಡೆಸಿದ್ದಾರೆ. ಕನ್ನಡದ ಅವಧಾನ ಕಲೆಯ ಮೇಲೆಯೇ ಹಂಪಿ ಕನ್ನಡ ವಿಶ್ವವಿದ್ಯಾಲಯದ ಡಿ.ಲಿಟ್. ಪಡೆದರು. 2012ರ ನವೆಂಬರ್ 30ರಿಂದ ಡಿಸೆಂಬರ್ 2ರವರೆಗೆ ಬೆಂಗಳೂರಿನಲ್ಲಿ ಅವರು ಪೂರ್ತಿ ಕನ್ನಡದಲ್ಲೇ ಶತಾವಧಾನ ನಡೆಸಿದರು. ನೂರು ಪೃಚ್ಛಕರು, ಮೂರು ದಿನ. ಲೆಕ್ಕದ ಓದು, ಕವಿತೆಯ ಕಸುಬು ಎರಡೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇರಬಲ್ಲವು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅವಧಾನ ಬರೀ ಸರ್ಕಸ್ಸು, ಅಲ್ಲಿ ಹುಟ್ಟುವುದು ಕಾವ್ಯವಲ್ಲ ಎಂಬ ಆಕ್ಷೇಪ ಹಳೆಯದು. ಅದರಲ್ಲಿ ಸ್ವಲ್ಪ ನಿಜವಿದೆ. ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದ ಪದ್ಯಗಳಲ್ಲಿ ಬಹಳಷ್ಟು ಮರುದಿನ ಓದಿದರೆ ಸಪ್ಪೆ. ಕೆಲವು ಪೃಚ್ಛಕರು ತಮ್ಮ ಪಾಂಡಿತ್ಯ ತೋರಿಸಲೆಂದೇ ಬಂದಿರುತ್ತಾರೆ, ಅವರ ಪ್ರಶ್ನೆ ಉತ್ತರಕ್ಕಿಂತ ಉದ್ದ. ಆದರೆ ಕಚೇರಿಯಲ್ಲಿ ಹಾಡಿದ ಕಲ್ಪನಾಸ್ವರವನ್ನು ಬರೆದಿಟ್ಟು ಕೃತಿಯೊಂದಿಗೆ ತೂಗುವುದು ಎಷ್ಟು ಸರಿಯೋ ಇದೂ ಅಷ್ಟೇ ಸರಿ. ನಮ್ಮೆದುರಿಗೇ ಒಂದು ಮನಸ್ಸು ಭಾಷೆಯ ಒಳಗೆ ದಾರಿ ಹುಡುಕುವುದನ್ನು ನೋಡುವ ಅವಕಾಶ ಬೇರೆಲ್ಲಿದೆ?

ಕಲಿಯುವ ದಾರಿಯೂ ಗುಟ್ಟಿನದಲ್ಲ. ಪಂಪ, ರನ್ನ, ಕುಮಾರವ್ಯಾಸರನ್ನು ಬಾಯಿಗೆ ತಂದುಕೊಳ್ಳುವುದು, ನಡೆಯುವಾಗ ಕೂರುವಾಗ ಕಂದದ ಗತಿಯಲ್ಲಿ ಮಾತು ಜೋಡಿಸುವುದು, ಸೊಟ್ಟಗಾದದ್ದನ್ನು ತಿದ್ದಿಸಿಕೊಳ್ಳುವುದು. ‘ಪದ್ಯಪಾನ’ ಎಂಬ ಬಳಗ ಅಂತರ್ಜಾಲದಲ್ಲೇ ಸಮಸ್ಯೆ, ದತ್ತಪದಿಗಳನ್ನು ಕೊಟ್ಟು ಆಸಕ್ತರಿಂದ ಪದ್ಯ ಬರೆಸುತ್ತ ಬಂದಿದೆ. ಹೊಸ ತಲೆಮಾರಿನ ಕನ್ನಡದ ಅವಧಾನಿಗಳೂ ಈಗ ವೇದಿಕೆ ಹತ್ತುತ್ತಿದ್ದಾರೆ.

ನಿಮ್ಮೂರಿನಲ್ಲೋ ಪಕ್ಕದ ಊರಿನಲ್ಲೋ ಅಷ್ಟಾವಧಾನವೆಂದು ಆಮಂತ್ರಣ ಕಂಡರೆ ತಪ್ಪಿಸಿಕೊಳ್ಳಬೇಡಿ. ಒಂದು ಹಾಳೆ, ಪೆನ್ಸಿಲು ಜೊತೆಗಿರಲಿ. ನಿಷೇಧಾಕ್ಷರಿಯ ಅಕ್ಷರಗಳನ್ನು ಬರೆದುಕೊಳ್ಳುತ್ತ, ಮುಂದಿನದು ಯಾವುದಿರಬಹುದೆಂದು ನೀವೂ ಊಹಿಸಿ. ಬಸ್ಸಿಗೆ ಹೊತ್ತಾಯಿತೆಂದು ನಾಲ್ಕನೆಯ ಸುತ್ತು ಮುಗಿದೊಡನೆ ಏಳುವವರು ಬಹಳ. ಧಾರಣೆ ಮುಗಿಯುವವರೆಗೆ ಕೂತಿರಿ.